ತೋಟಕ್ಕೊಂದು ಅರವಟ್ಟಿಗೆ

ಬಿಸಿಲಲ್ಲಿ ನಡೆದು ಬಂದವರಿಗೆ ಮೊದಲು ಬೆಲ್ಲ-ನೀರು, ಆಮೇಲೆ ಯೋಗಕ್ಷೇಮ, ಕೊನೆಗೆ ಬಂದ ಕೆಲಸದ ಮಾತು. ಇದು ನಮ್ಮ ಮಲೆನಾಡಿನ ಮನೆಗಳ ರೀತಿ. ಬೆಲ್ಲದ ತಟ್ಟೆಯ ಜಾಗಕ್ಕೆ ಈಗ ಮುರುಗಲು ಶರಬತ್ತು ಬಂದಿರಬಹುದು, ಒಮ್ಮೊಮ್ಮೆ ಪೇಟೆಯ ಬಾಟಲಿಯೂ ಬಂದಿರಬಹುದು. ಆದರೆ ಜಗಲಿ ಹತ್ತಿದವರನ್ನು ಬಾಯಾರಿಸಿ ಕಳಿಸಿದರೆಂಬ ಮಾತು ಬರದಂತೆ ನಾವೆಲ್ಲರೂ ನೋಡಿಕೊಳ್ಳುತ್ತೇವೆ. ಅದೇ ಹೊತ್ತಿಗೆ ಜಗಲಿಯಿಂದ ನೂರು ಮಾರು ಆಚೆ, ಕಾಫಿ ತೋಟದಲ್ಲಿ ಮರಗಸಿ ಮಾಡುತ್ತಲೋ, ಅಡಿಕೆ ತೋಟದಲ್ಲಿ ಬಸಿಗಾಲುವೆ ತೋಡುತ್ತಲೋ, ಸ್ಪ್ರಿಂಕ್ಲರ್ ಪೈಪು ಹೊತ್ತು ಸಾಗಿಸುತ್ತಲೋ ಇರುವವರು ಏನು ಕುಡಿಯುತ್ತಿದ್ದಾರೆ? ಈ ಪ್ರಶ್ನೆಯನ್ನು ಬೆಳೆಗಾರರಾದ ನಾವು ಕೇಳಿಕೊಂಡದ್ದು ಕಡಿಮೆ. ಕೇಳಿಕೊಂಡಾಗ ಸಿಗುವ ಉತ್ತರವೂ ಹೆಮ್ಮೆಪಡುವಂಥದ್ದಲ್ಲ.

ನಮ್ಮ ಅನುಭವವನ್ನೇ ಹೇಳುತ್ತೇವೆ. ಹಿಂದೊಂದು ಬೇಸಿಗೆಯಲ್ಲಿ, ಏಪ್ರಿಲ್ ತಿಂಗಳ ನಡುಹಗಲು, ಮರಗಸಿ ಮಾಡುತ್ತಿದ್ದ ಆಳೊಬ್ಬರು ಮರದಿಂದ ಇಳಿದವರೇ ತಲೆ ಸುತ್ತುತ್ತದೆಂದು ಬುಡದಲ್ಲೇ ಕುಳಿತುಬಿಟ್ಟರು. ಗಾಬರಿಯಲ್ಲಿ ಮನೆಗೆ ಓಡಿ ಫ್ರಿಜ್ಜಿನಲ್ಲಿದ್ದ ಬಣ್ಣದ ಪಾನೀಯದ ಬಾಟಲಿಯೊಂದನ್ನು ತಂದೆವು. ಎರಡು ಗುಟುಕು ಕುಡಿದವರಿಗೆ ಹೊಟ್ಟೆ ತೊಳಸಿತು. ಅಷ್ಟರಲ್ಲಿ ಜೊತೆಯಲ್ಲಿದ್ದ ಹೆಂಗಸೊಬ್ಬರು ತಮ್ಮ ಬುತ್ತಿಗಂಟಿನಿಂದ ಚಿಟಿಕೆ ಉಪ್ಪು ತೆಗೆದು, ನಮ್ಮಲ್ಲಿ ಬೆಲ್ಲ ಕೇಳಿ, ನೀರಿಗೆ ಕದಡಿ ಸ್ವಲ್ಪ ಸ್ವಲ್ಪವಾಗಿ ಕುಡಿಸಿದರು. ನೆರಳಲ್ಲಿ ಅರ್ಧ ಗಂಟೆ ಮಲಗಿದ ಮೇಲೆ ಅವರು ಚೇತರಿಸಿಕೊಂಡರು. ನಮ್ಮ ಅಡುಗೆಮನೆಯ ನಾಗಂದಿಗೆಯ ಮೇಲೆ ಮುರುಗಲು ಸಿಪ್ಪೆಯ ಭರಣಿ ತುಂಬಿತ್ತು. ಅದು ನೆಂಟರಿಗೆಂದು ಇಟ್ಟದ್ದು. ತೋಟಕ್ಕೂ ಅದನ್ನು ಒಯ್ಯಬಹುದೆಂಬ ಯೋಚನೆ ಅಲ್ಲಿಯವರೆಗೆ ನಮಗೆ ಬಂದೇ ಇರಲಿಲ್ಲ.

ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವುದು ಇಷ್ಟೇ: ಬೇಸಿಗೆಯ ಪಾನೀಯ ಜಗಲಿಯಲ್ಲೇ ನಿಂತುಬಿಟ್ಟಿದೆ, ಅದು ತೋಟಕ್ಕೆ ಇಳಿಯಬೇಕು.

ಕಷ್ಟದ ಕೆಲಸ ಮಾಡುವವರ ಮೈಯಿಂದ ಬಿಸಿಲಿನಲ್ಲಿ ಗಂಟೆಗೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಬೆವರು ಹೋಗುತ್ತದೆ. ಬೆವರಿನ ಜೊತೆಗೆ ಉಪ್ಪೂ ಹೋಗುತ್ತದೆ. ಬಾಯಾರಿಕೆ ಎಂದು ಅನಿಸುವ ಹೊತ್ತಿಗೆ ಮೈಯಲ್ಲಿ ನೀರಿನ ಕೊರತೆ ಆಗಲೇ ಶುರುವಾಗಿರುತ್ತದೆ. ಆದುದರಿಂದ ಬಾಯಾರುವ ತನಕ ಕಾಯದೆ, ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ, ಎಂದರೆ ಸುಮಾರು 240 ಮಿ.ಲೀ. ಕುಡಿಯುತ್ತಿರಬೇಕೆಂಬುದು ಬಿಸಿಲಿನ ಕೆಲಸದ ಬಗ್ಗೆ ತಿಳಿದವರ ಸಲಹೆ. ಹತ್ತು ಗಂಟೆಗೊಂದು, ಮೂರು ಗಂಟೆಗೊಂದು ಲೋಟ ಚಹಾ ಕೊಟ್ಟು ಕೈತೊಳೆದುಕೊಂಡರೆ ಈ ಲೆಕ್ಕ ಸರಿಹೋಗುವುದಿಲ್ಲ. ಕಾಫಿ ಬೆಳೆಗಾರರ ಪತ್ರಿಕೆಯಲ್ಲಿ ಕಾಫಿಗೆ ವಿರೋಧವಾಗಿ ಬರೆಯುವ ಧೈರ್ಯ ನಮಗಿಲ್ಲ, ಅದರ ಅಗತ್ಯವೂ ಇಲ್ಲ. ಕಾಫಿ ಇರಲಿ. ಅದರ ಜೊತೆಗೆ ಕೊಡವೂ ಇರಲಿ.

ಪೇಟೆಯ ತಂಪು ಪಾನೀಯ ತಂದುಕೊಟ್ಟರಾಗದೆ ಎಂದು ಕೇಳುವವರಿದ್ದಾರೆ. ಸಾಮಾನ್ಯವಾಗಿ ಅಂಥ ಪಾನೀಯದ 300 ಮಿ.ಲೀ. ಬಾಟಲಿಯಲ್ಲಿ ಸುಮಾರು 30 ಗ್ರಾಂ ಸಕ್ಕರೆ, ಅಂದರೆ ಆರೇಳು ಚಮಚದಷ್ಟು ಇರುತ್ತದೆ. ಬೆವರಿನಲ್ಲಿ ಹೋದ ಉಪ್ಪು ಮಾತ್ರ ಅದರಲ್ಲಿ ಅತ್ಯಲ್ಪ. ಅತಿ ಸಿಹಿ ನೀರು ಹೊಟ್ಟೆಯಿಂದ ಬೇಗ ಮುಂದೆ ಸಾಗುವುದೂ ಇಲ್ಲ. ನಾಲಿಗೆಗೆ ತಂಪಾದದ್ದೆಲ್ಲ ಮೈಗೆ ತಂಪಲ್ಲ.

ಇನ್ನು ಸಂಜೆಯ ಮಾತು. ದಿನವಿಡೀ ಒಣಗಿದ ಗಂಟಲು ಸಂಜೆ ಎತ್ತ ನಡೆಯುತ್ತದೆಂಬುದು ನಮಗೆಲ್ಲ ಗೊತ್ತು. ನಮ್ಮ ರಾಜ್ಯದಲ್ಲಿ 2007ರಲ್ಲಿ ಸಾರಾಯಿ ನಿಷೇಧವಾಯಿತು. ಅದರಿಂದ ಕುಡಿತವೇ ನಿಂತಿತೆಂದು ಯಾರೂ ಹೇಳಲಾರರು. ಮದ್ಯ ಮೈಯ ನೀರನ್ನು ಮೂತ್ರದಲ್ಲಿ ಹೊರಗೆ ಕಳಿಸುವುದರಿಂದ, ಬಿಸಿಲಲ್ಲಿ ದುಡಿದ ಮೈ ಇನ್ನಷ್ಟು ಬತ್ತುತ್ತದೆ. ಮರುದಿನ ಬೆಳಗ್ಗೆ ಆ ಕೊರತೆಯೊಂದಿಗೇ ಏಣಿ ಹತ್ತಬೇಕಾಗುತ್ತದೆ. ಮಜ್ಜಿಗೆಯ ಕೊಡ ಇಟ್ಟರೆ ಕುಡಿತ ನಿಲ್ಲುತ್ತದೆಂದು ನಾವು ಹೇಳುತ್ತಿಲ್ಲ. ಆದರೆ ಕೆಲಸ ಮುಗಿದ ಖುಷಿಗೆಂದು ನಮ್ಮ ಕೈಯಾರೆ ಬಾಟಲಿ ಕೊಡಿಸುವ ಪದ್ಧತಿಯನ್ನಾದರೂ ನಾವು ಬಿಡಬಹುದು.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ನಮ್ಮ ಮುರುಗಲು ಮರಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ದಕ್ಷಿಣ ಕನ್ನಡದವರು ಪುನರ್ಪುಳಿ ಎನ್ನುವುದೂ ಇದನ್ನೇ. ಬೇಲಿಯಲ್ಲಿ, ಹಳ್ಳದ ಬದಿಯಲ್ಲಿ, ಸೊಪ್ಪಿನ ಬೆಟ್ಟದಲ್ಲಿ ತಾನಾಗಿ ಬೆಳೆದು ಏಪ್ರಿಲ್–ಮೇ ತಿಂಗಳಲ್ಲಿ ಹಣ್ಣಾಗುತ್ತದೆ. ಮಳೆ ಹಿಡಿಯಿತೆಂದರೆ ಹಣ್ಣು ಕೊಳೆತು ಮಣ್ಣು ಸೇರುತ್ತದೆ. ಬಿಸಿಲಿರುವಾಗಲೇ ಆಯ್ದು, ಎರಡು ಹೋಳು ಮಾಡಿ, ಬೀಜ ತೆಗೆದು, ತಿರುಳಿನ ರಸದಲ್ಲಿ ಸಿಪ್ಪೆಯನ್ನು ಮತ್ತೆ ಮತ್ತೆ ಅದ್ದಿ ಒಣಗಿಸಿದರೆ ವರ್ಷವಿಡೀ ಬರುತ್ತದೆ. ಒಣಗಿದ ಸಿಪ್ಪೆಯನ್ನು ಬೆಳಕು ತಾಗದ ಭರಣಿಯಲ್ಲಿ ಇಡಬೇಕು, ಇಲ್ಲವಾದರೆ ಕೆಂಪು ಮಾಸುತ್ತದೆ. ಬೀಜ ಬಿದ್ದು ಹುಟ್ಟಿದ ಸಸಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಗಂಡು ಮರಗಳಾಗಿಬಿಡುತ್ತವೆ, ಅವು ಕಾಯಿ ಬಿಡುವುದಿಲ್ಲ. ಹೊಸದಾಗಿ ನೆಡುವವರು ಕಸಿ ಗಿಡವನ್ನೇ ನೆಡುವುದು ಮೇಲು.

ಮಾಡುವ ಕ್ರಮ ಸುಲಭ. ಒಂದು ದೊಡ್ಡ ಹಿಡಿ ಒಣಸಿಪ್ಪೆಯನ್ನು ರಾತ್ರಿ ಒಂದು ಚೊಂಬು ನೀರಿನಲ್ಲಿ ನೆನೆಹಾಕಿ. ಬೆಳಗ್ಗೆ ಕಿವುಚಿ ಸೋಸಿ, ಕುದಿಸಿ ಆರಿಸಿದ ಐದು ಲೀಟರ್ ನೀರಿಗೆ ಸೇರಿಸಿ. ಕಾಲು ಕಿಲೋ ಮೀರದಂತೆ ಬೆಲ್ಲ, ಎರಡು ಸಮಚಮಚ ಉಪ್ಪು, ಹುರಿದು ಕುಟ್ಟಿದ ಸ್ವಲ್ಪ ಜೀರಿಗೆ ಹಾಕಿ ಕದಡಿ. ಒಲೆ ಹೊತ್ತಿಸುವುದು ನೀರು ಕುದಿಸಲು ಮಾತ್ರ. ಇದರ ಸಿಹಿ ಬಾಟಲಿಯ ಪಾನೀಯದ ಅರ್ಧದಷ್ಟು ಎಂಬುದನ್ನು ಗಮನಿಸಬೇಕು. ನೆಂಟರಿಗೆ ಮಾಡುವ ಶರಬತ್ತಿನ ಹದ ಬೇರೆ, ದುಡಿಯುವವರಿಗೆ ಮಾಡುವ ಪಾನೀಯದ ಹದ ಬೇರೆ. ಹುಳಿ ಇರುವುದರಿಂದ ಅಲ್ಯೂಮಿನಿಯಂ ಪಾತ್ರೆಯಾಗಲಿ, ಕಲಾಯಿ ಇಲ್ಲದ ತಾಮ್ರ–ಹಿತ್ತಾಳೆಯಾಗಲಿ ಕೂಡದು. ಸ್ಟೀಲ್ ಕ್ಯಾನಿಗೆ ಒದ್ದೆ ಗೋಣಿ ಸುತ್ತಿ ನೆರಳಿನಲ್ಲಿ ಇಟ್ಟರೆ ಐಸು ಬೇಕಾಗುವುದಿಲ್ಲ. ಸಂಜೆಗೆ ಉಳಿದದ್ದನ್ನು ಚೆಲ್ಲಿಬಿಡಬೇಕು. ಬೆಲ್ಲ ಬಿದ್ದ ನೀರು ರಾತ್ರಿ ಕಳೆದರೆ ಹುದುಗಲು ತೊಡಗುತ್ತದೆ.

ಹಾಲು–ಮೊಸರು ಇರುವ ಮನೆಗಳಿಗೆ ನೀರುಮಜ್ಜಿಗೆಯೇ ಹಗುರ. ಒಂದು ಲೀಟರ್ ಮೊಸರನ್ನು ಕಡೆದು ನಾಲ್ಕೈದು ಲೀಟರಿಗೆ ನೀಳ ಮಾಡಿ, ಉಪ್ಪು, ಜಜ್ಜಿದ ಶುಂಠಿ, ಕರಿಬೇವು ಹಾಕಿ, ನಿಂಬೆಯ ಎಲೆಯನ್ನು ಕಿವುಚಿ ಬಿಟ್ಟರೆ ಸಾಕು. ಮಧ್ಯಾಹ್ನಕ್ಕೆ ಹುಳಿಯಾಗುತ್ತದೆಂಬುದೊಂದೇ ತೊಂದರೆ, ಎರಡು ಸಲ ಮಾಡಿ ಕಳಿಸಬೇಕು. ಪಾನಕವಂತೂ ನಮ್ಮ ತೋಟಗಳಿಗೆ ಹೇಳಿ ಮಾಡಿಸಿದಂತಿದೆ. ಬೆಲ್ಲ, ನಿಂಬೆ ಮತ್ತು ಒಣಶುಂಠಿಯ ಜೊತೆಗೆ ಬೇಕಾದ ಕಾಳುಮೆಣಸು, ಏಲಕ್ಕಿ ನಮ್ಮಲ್ಲೇ ಬೆಳೆಯುತ್ತವೆ. ಸಾಗರ–ಸಿರಸಿ ಕಡೆಯ ಅಪ್ಪೆಹುಳಿಯನ್ನು ಮಾತ್ರ ಈ ಪಟ್ಟಿಯಿಂದ ಬಿಟ್ಟಿದ್ದೇವೆ. ಅದನ್ನು ಕುಡಿದವರಿಗೆ ನಿದ್ದೆ ಬರುತ್ತದೆಂದು ಪ್ರತೀತಿ, ಮರ ಹತ್ತುವವರಿಗೆ ಅದು ಬೇಡ!

ಮನೆಯಲ್ಲಿ ಮಾಡಿದ್ದೆಂದ ಮಾತ್ರಕ್ಕೆ ಎಲ್ಲವೂ ನಿರ್ದೋಷವಲ್ಲ. ಸಕ್ಕರೆ ಕಾಯಿಲೆ ಇರುವವರಿಗೆ ಬೆಲ್ಲದ ಪಾನಕವೂ ಸಕ್ಕರೆಯೇ, ಅವರಿಗೆ ಮಜ್ಜಿಗೆ ಕೊಡಬೇಕು. ರಕ್ತದ ಒತ್ತಡ ಇರುವವರಿಗೆ ಉಪ್ಪು ಕಡಿಮೆ ಇರಬೇಕು. ಆದ್ದರಿಂದ ಪಾನೀಯದ ಪಕ್ಕದಲ್ಲಿ ಬರಿಯ ನೀರಿನ ಮಣ್ಣಿನ ಕೊಡ ಇದ್ದೇ ಇರಬೇಕು. ವಾಂತಿ–ಭೇದಿಯಾದವರಿಗೆ ಔಷಧಿ ಅಂಗಡಿಯ ಓ.ಆರ್.ಎಸ್. ಪೊಟ್ಟಣವೇ ಆಗಬೇಕು. ಅದು ಸಿಗದಾಗ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ ಕೊಡಬಹುದು, ಈ ಅಳತೆ ತಪ್ಪಬಾರದು. ಬಿಸಿಲಿಗೆ ಬಿದ್ದವರ ಮಾತು ತೊದಲುತ್ತಿದ್ದರೆ, ಮೈ ಕೆಂಡದಂತೆ ಸುಡುತ್ತಿದ್ದರೆ, ಪ್ರಜ್ಞೆ ತಪ್ಪುತ್ತಿದ್ದರೆ ಅವರ ಬಾಯಿಗೆ ಏನನ್ನೂ ಹೊಯ್ಯಕೂಡದು. ನೆರಳಿಗೆ ಒಯ್ದು, ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸುತ್ತ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು.

ಪಾತ್ರೆಯ ವಿಚಾರದಲ್ಲಿ ಎರಡು ಮಾತುಗಳನ್ನು ಖಾರವಾಗಿಯೇ ಹೇಳಬೇಕಾಗಿದೆ. ಕೀಟನಾಶಕದ ಖಾಲಿ ಡಬ್ಬವನ್ನು ತೊಳೆದು ಕುಡಿಯುವ ನೀರಿಗೆ ಬಳಸುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಎಷ್ಟು ಸಲ ತೊಳೆದರೂ ಅದು ನೀರಿನ ಪಾತ್ರೆಯಾಗುವುದಿಲ್ಲ. ಖಾಲಿಯಾದ ದಿನವೇ ತೂತು ಮಾಡಿ ಬೇರೆ ಇಡಬೇಕು. ಎರಡನೆಯದು ಲೋಟದ ವಿಚಾರ. ಮೇಲಿನಿಂದ ಬೊಗಸೆಗೆ ನೀರು ಹೊಯ್ಯುವ ಕಾಲವೊಂದು ನಮ್ಮಲ್ಲಿ ಇತ್ತು. ಆ ಕಾಲ ಹೋಯಿತೆಂದು ಸಭೆಗಳಲ್ಲಿ ಹೇಳುತ್ತೇವೆ. ಹಿತ್ತಲ ಗೋಡೆಯ ಮೇಲೆ ಬೇರೆಯಾಗಿ ಕವಿಚಿಟ್ಟ ಲೋಟ ಇನ್ನೂ ಕೆಲವು ಮನೆಗಳಲ್ಲಿ ಉಂಟು. ತೋಟಕ್ಕೆ ಕೊಡ ಹೋಗುವುದಾದರೆ, ಜಗಲಿಯಲ್ಲಿ ನೆಂಟರಿಗೆ ಕೊಡುವ ಲೋಟವೇ ಜೊತೆಗೆ ಹೋಗಬೇಕು. ಅದೇ ಲೋಟದಲ್ಲಿ ನಾವೂ ಕುಡಿಯಬೇಕು. ಇಲ್ಲವಾದರೆ ಆ ಪಾನೀಯಕ್ಕೆ ಎಷ್ಟು ಬೆಲ್ಲ ಹಾಕಿದರೂ ಸಿಹಿಯಾಗದು.

"ಇದನ್ನೆಲ್ಲ ದಿನಾ ಮಾಡುವವರು ಯಾರು?" ಎಂದು ಮನೆಯೊಳಗಿನಿಂದ ಪ್ರಶ್ನೆ ಬರುವುದು ಖಂಡಿತ, ಅದು ನ್ಯಾಯವಾದ ಪ್ರಶ್ನೆಯೂ ಹೌದು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳ ಕಾಲದಲ್ಲಿ ಹೆಂಗಸರ ಮೇಲೆ ಇನ್ನೊಂದು ಹೊರೆ ಹೊರಿಸುವುದು ನಮ್ಮ ಉದ್ದೇಶವಲ್ಲ. ಸಿಪ್ಪೆ ನೆನೆಹಾಕಿ ಬೆಲ್ಲ ಕದಡುವುದಕ್ಕೆ ಪಾಕಶಾಸ್ತ್ರದ ಪಾಂಡಿತ್ಯ ಬೇಡ. ಔಷಧಿ ಸಿಂಪಡಿಸಲು ಸುಣ್ಣ–ಮೈಲುತುತ್ತಗಳನ್ನು ತೂಕ ತಪ್ಪದೆ ಬೆರೆಸಿ ಬೋರ್ಡೊ ದ್ರಾವಣ ಮಾಡಬಲ್ಲ ಯಜಮಾನರು ಐದು ಲೀಟರ್ ಪಾನಕ ಮಾಡಲಾರರೆಂದರೆ ನಂಬುವವರಾರು?

ಖರ್ಚಿನ ಮಾತಿಗೂ ಉತ್ತರವಿದೆ. ಬೇಲಿಯ ಹಣ್ಣು, ಕಾಲು ಕಿಲೋ ಬೆಲ್ಲ, ಎರಡು ಚಮಚ ಉಪ್ಪು, ಇವನ್ನು ಒಂದು ಅಪರಾಹ್ನದ ಕೆಲಸ ಕೆಟ್ಟ ನಷ್ಟದ ಎದುರಿಗಿಟ್ಟು ತೂಗಿ ನೋಡಬಹುದು. ದೊಡ್ಡ ಪ್ಲಾಂಟೇಷನ್ನುಗಳಲ್ಲಿ ದುಡಿಯುವವರಿಗೆ ಅನುಕೂಲವಾದ ಜಾಗಗಳಲ್ಲಿ ಶುದ್ಧವಾದ ಕುಡಿಯುವ ನೀರು ಒದಗಿಸುವುದು ಮಾಲೀಕರ ಹೊಣೆಯೆಂದು 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ನಮ್ಮಂಥ ಸಣ್ಣ ತೋಟಗಳವರ ಬಳಿ ಕಾಯ್ದೆಯ ಪುಸ್ತಕ ಹಿಡಿದು ಯಾರೂ ಬರಲಿಕ್ಕಿಲ್ಲ. ಆದರೆ ಬಿಸಿಲು ತೋಟದ ಎಕರೆ ಲೆಕ್ಕ ಕೇಳಿ ಸುಡುವುದಿಲ್ಲ. ಈಗ ಅಸ್ಸಾಮಿನಷ್ಟು ದೂರದಿಂದಲೂ ನಮ್ಮ ಕಾಫಿ ತೋಟಗಳಿಗೆ ಜನ ಬರುತ್ತಿದ್ದಾರೆ. ಬಾಯಾರಿಕೆಯಾಯಿತೆಂದು ನಮ್ಮ ಭಾಷೆಯಲ್ಲಿ ಕೇಳಲು ಅವರಿಗೆ ಬಾರದು. ಕೇಳದೆಯೇ ಕೊಡಬೇಕಾದ್ದು ಇದು.

ಸಂಘವೂ ಈ ಕೆಲಸಕ್ಕೆ ಕೈಜೋಡಿಸಬಹುದು. ಮೊದಲನೆಯದಾಗಿ, ಸರ್ವಸದಸ್ಯರ ಸಭೆಯಲ್ಲಿ ಬಾಟಲಿಗಳನ್ನು ಹಂಚುವ ಬದಲು ಮುರುಗಲು ಪಾನಕವನ್ನೋ ಮಜ್ಜಿಗೆಯನ್ನೋ ಕೊಡಲಿ. ಬೆಳೆಗಾರರೇ ತಮ್ಮ ಬೆಳೆಯನ್ನು ಕುಡಿಯದಿದ್ದರೆ ಪೇಟೆಯವರು ಏಕೆ ಕುಡಿಯಬೇಕು? ಎರಡನೆಯದಾಗಿ, ಮೇ ತಿಂಗಳಲ್ಲಿ ಸದಸ್ಯರಿಂದ ಚೆನ್ನಾಗಿ ಒಣಗಿದ ಸಿಪ್ಪೆಯನ್ನು ಕೊಂಡು, ಮರವಿಲ್ಲದ ಸದಸ್ಯರಿಗೆ ಸಂಘದ ಮಳಿಗೆಯಲ್ಲಿ ಮಾರಲಿ. ಕೋಕೋ ಬೆಳೆದವರ ಹಿತಕ್ಕಾಗಿ ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆದದ್ದು ನಮ್ಮ ಕಣ್ಣೆದುರಿಗಿದೆ. ನಾವು ಕೇಳುತ್ತಿರುವುದು ಕಾರ್ಖಾನೆಯನ್ನಲ್ಲ, ಒಂದು ತಕ್ಕಡಿ, ನಾಲ್ಕು ಭರಣಿ, ಅಷ್ಟೇ.

ಕೆರೆ ಕಟ್ಟಿಸುವುದು, ದಾರಿಹೋಕರಿಗೆ ಅರವಟ್ಟಿಗೆ ಇಡಿಸುವುದು ಪುಣ್ಯವೆಂದು ಈ ನಾಡಿನ ಹಿರಿಯರು ಕಲ್ಲಿನ ಮೇಲೆ ಶಾಸನ ಬರೆಸಿದರು. ಅರವಟ್ಟಿಗೆಯ ನೀರು ಕುಡಿದವರು ದಾನಿಗೆ ಗುರುತಿನವರೇ ಆಗಿರಲಿಲ್ಲ. ನಮ್ಮ ತೋಟದಲ್ಲಿ ದುಡಿಯುವವರಾದರೋ ನಮಗೆ ಹೆಸರು ಹಿಡಿದು ಗೊತ್ತಿರುವವರು, ನಾವು ಉಣ್ಣುವ ಅನ್ನದಲ್ಲಿ ಅವರ ಬೆವರಿದೆ. ಅವರಿಗೆ ಕೊಡುವ ನೀರು ದಾನವಲ್ಲ, ಬಾಕಿ.

ರಾಮನವಮಿಯ ದಿನ ಪಾನಕ–ಕೋಸಂಬರಿ ಹಂಚುವಾಗ ಯಾರು, ಯಾವ ಊರು ಎಂದು ನಾವು ಕೇಳುವುದಿಲ್ಲ. ಬೇಸಿಗೆ ಬಲಿಯುವುದೂ ಆ ಹೊತ್ತಿಗೇ. ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೆ: ಅಂದು ಪಾನಕದ ಕೊಡ ತೋಟಕ್ಕೂ ಇಳಿಯಲಿ. ಮುಂಗಾರು ಹಿಡಿಯುವ ತನಕ ಅದು ಅಲ್ಲೇ ಇರಲಿ.