ತೆರೆಯ ಹಿಂದಿನವರಿಗೂ ಒಂದು ಗಳಿಗೆ

ವರ್ಷಕ್ಕೊಮ್ಮೆ, ಶಿವರಾತ್ರಿ ಕಳೆದು ಬಿಸಿಲು ಏರುವ ಕಾಲಕ್ಕೆ, ಒಂದು ಸೋಮವಾರದ ಬೆಳಗಿನ ಜಾವ ನಮ್ಮ ವಿದ್ಯಾರ್ಥಿನಿಲಯದ ಕೆಲವು ಕೊಠಡಿಗಳಲ್ಲಿ ದೀಪ ಉರಿಯುತ್ತದೆ. ಪರೀಕ್ಷೆಯ ಓದಿಗೆಂದು ಮೇಲ್ವಿಚಾರಕರು ಭಾವಿಸಿ ಸಂತೋಷಪಟ್ಟರೆ ಅದು ಅವರ ಪುಣ್ಯ. ಅಮೆರಿಕೆಯ ಲಾಸ್ ಏಂಜಲಿಸ್ ನಗರದಲ್ಲಿ ಭಾನುವಾರ ಸಂಜೆ ನಡೆಯುವ ಆಸ್ಕರ್ ಪ್ರಶಸ್ತಿ ಪ್ರದಾನ ಸಮಾರಂಭ ನಮಗೆ ಆ ಹೊತ್ತಿಗೆ ಕಾಣಸಿಗುತ್ತದೆ. ನೋಡುವವರಲ್ಲಿ ನಾನೂ ಒಬ್ಬ. ಆಮೇಲೆ ಉಪಾಹಾರದ ಪಂಕ್ತಿಯಲ್ಲಿ ಪ್ರತಿವರ್ಷವೂ ಕೇಳಿಬರುವ ಮಾತು ಒಂದೇ: "ಎಷ್ಟು ಉದ್ದ ಮಾರಾಯ! ನಟ, ನಟಿ, ಚಿತ್ರ, ಇಷ್ಟು ಹೇಳಿ ಮುಗಿಸಬಾರದೆ? ಆ ಶಬ್ದದವನು, ಸಂಕಲನದವನು, ಬಟ್ಟೆಯವಳು, ಇವರೆಲ್ಲ ಯಾರಿಗೆ ಬೇಕು?"

ನನಗೆ ಬೇಕು. ಏಕೆ ಬೇಕೆಂದು ಹೇಳುವುದಕ್ಕಾಗಿಯೇ ಸಂಪಾದಕರಲ್ಲಿ ಎರಡು ಪುಟ ಬೇಡಿ ಪಡೆದಿದ್ದೇನೆ.

ಉದ್ದವೆಂಬುದು ನಿಜ. 1929ರ ಮೇ 16ರಂದು ಹಾಲಿವುಡ್ಡಿನ ಹೋಟೆಲೊಂದರಲ್ಲಿ ಪ್ರಥಮ ಸಮಾರಂಭ ನಡೆದಾಗ ಸುಮಾರು 270 ಮಂದಿ ಊಟಕ್ಕೆ ಕುಳಿತಿದ್ದರು. ಪ್ರಶಸ್ತಿ ಹಂಚುವ ಕಾರ್ಯ ಕಾಲು ಗಂಟೆಯಲ್ಲಿ ಮುಗಿಯಿತು. 2002ರಲ್ಲಿ ಅದೇ ಸಮಾರಂಭ 4 ಗಂಟೆ 23 ನಿಮಿಷ ಬೆಳೆಯಿತು. (ಇಡೀ ರಾತ್ರಿ ಬಯಲಾಟ ನೋಡಿದ ಊರಿನಿಂದ ಬಂದವನಿಗೆ ಇದು ಅಂಥ ದೊಡ್ಡ ಸಂಗತಿಯಲ್ಲ.) ನಡುವೆ ನಡೆದದ್ದೇನೆಂದರೆ, 1953ರ ಮಾರ್ಚ್ 19ರಂದು ದೂರದರ್ಶನದ ಕ್ಯಾಮರಾ ಆ ಸಭಾಂಗಣದೊಳಗೆ ಕಾಲಿಟ್ಟಿತು. ಆ ವರ್ಷ ಕೆಲವು ಚಿತ್ರ ಕಂಪನಿಗಳು ಖರ್ಚಿಗೆ ಹಣ ಕೊಡಲು ಹಿಂಜರಿದಾಗ ಪ್ರಸಾರ ಸಂಸ್ಥೆಯೊಂದು 1 ಲಕ್ಷ ಡಾಲರು ಕೊಟ್ಟು ಹಕ್ಕು ಪಡೆಯಿತು. ಅಲ್ಲಿಯವರೆಗೆ ಕಸುಬುದಾರರು ತಮ್ಮತಮ್ಮಲ್ಲಿ ಮಾಡಿಕೊಳ್ಳುತ್ತಿದ್ದ ಸನ್ಮಾನ ಅಂದಿನಿಂದ ಜಾಹೀರಾತಿನ ಸರಕೂ ಆಯಿತು. ಹಣ ಕೊಟ್ಟವನು ಕೇಳುವ ಪ್ರಶ್ನೆ ಒಂದೇ: ಎಷ್ಟು ಜನ ನೋಡಿದರು?

1998ರಲ್ಲಿ, 'ಟೈಟಾನಿಕ್' ಗೆದ್ದ ವರ್ಷ, ಅಮೆರಿಕೆಯಲ್ಲಿ ಸುಮಾರು ಐದೂವರೆ ಕೋಟಿ ಜನ ನೋಡಿದರು. 2021ರಲ್ಲಿ ನೋಡಿದವರು ಒಂದು ಕೋಟಿಯ ಆಸುಪಾಸು. ಇದರಿಂದ ಗಾಬರಿಗೊಂಡ ಅಕಾಡೆಮಿಯವರು 2022ರಲ್ಲಿ ಒಂದು ಉಪಾಯ ಹೂಡಿದರು. ಒಟ್ಟು 23 ಪ್ರಶಸ್ತಿಗಳಲ್ಲಿ 8ನ್ನು ನೇರಪ್ರಸಾರ ಆರಂಭವಾಗುವ ಮೊದಲೇ ಕೊಟ್ಟು, ಆ ದೃಶ್ಯಗಳನ್ನು ಕತ್ತರಿಸಿ ನಡುನಡುವೆ ಸೇರಿಸಿದರು. ಸಂಕಲನ, ಶಬ್ದ, ಸಂಗೀತ, ಪ್ರಸಾಧನ, ಕಲಾ ವಿನ್ಯಾಸ, ಮೂರು ಬಗೆಯ ಕಿರುಚಿತ್ರಗಳು, ಇವೇ ಆ ಎಂಟು. ಸಂಕಲನಕಾರನ ಪ್ರಶಸ್ತಿಗೇ ಕತ್ತರಿ ಹಾಕಿದ ವಿನೋದವನ್ನು ಬೇರೆ ಹೇಳಬೇಕಾಗಿಲ್ಲ. ಕಸುಬಿನವರು ಬಲವಾಗಿ ಪ್ರತಿಭಟಿಸಿದರು. ಮರುವರ್ಷ ಎಲ್ಲ ಪ್ರಶಸ್ತಿಗಳೂ ನೇರಪ್ರಸಾರಕ್ಕೆ ಮರಳಿದವು. ಆದರೆ ನಮ್ಮ ಪಂಕ್ತಿಯ ಗೆಳೆಯರು ಬಯಸುವುದು ಆ 2022ರ ಏರ್ಪಾಡನ್ನೇ.

ಅವರಿಗೆ ನಾನು ಕೇಳುವುದಿಷ್ಟು: ನಮ್ಮ ದೇಶದವರು ಆ ವೇದಿಕೆಯನ್ನು ಹತ್ತಿದ್ದು ಯಾವ ಮೆಟ್ಟಿಲಿನಿಂದ? ನಟರಾಗಿಯೇ? ಅಲ್ಲ. ಭಾರತಕ್ಕೆ ಮೊದಲ ಆಸ್ಕರ್ ತಂದವರು ಕೊಲ್ಹಾಪುರದ ಭಾನು ಅಥೈಯಾ. 'ಗಾಂಧಿ' ಚಿತ್ರದ ಉಡುಪುಗಳಿಗಾಗಿ 1983ರಲ್ಲಿ, ಜಾನ್ ಮೊಲೊ ಅವರೊಡನೆ. 2009ರಲ್ಲಿ ರಸೂಲ್ ಪೂಕುಟ್ಟಿಯವರಿಗೆ ಬಂದದ್ದು ಶಬ್ದ ಮಿಶ್ರಣಕ್ಕೆ. ಅದೇ ರಾತ್ರಿ ಎ. ಆರ್. ರೆಹಮಾನರಿಗೆ ಬಂದ ಎರಡರಲ್ಲಿ ಒಂದು ಸಂಗೀತಕ್ಕೆ. 2023ರಲ್ಲಿ ನಮ್ಮ ಬಂಡೀಪುರದ ಗಡಿಗೆ ಅಂಟಿಕೊಂಡ ಮುದುಮಲೆಯ ಆನೆಮರಿಯ ಕಥೆಗೆ ಬಂದದ್ದು ಕಿರು ಸಾಕ್ಷ್ಯಚಿತ್ರಕ್ಕೆ. ಶಬ್ದ, ಸಂಗೀತ, ಕಿರು ಸಾಕ್ಷ್ಯಚಿತ್ರ, ಈ ಮೂರೂ ಆ ಕತ್ತರಿಸಿದ ಎಂಟರ ಪಟ್ಟಿಯಲ್ಲಿವೆ! ನಾವು ಹೆಮ್ಮೆಯಿಂದ ಚಪ್ಪಾಳೆ ತಟ್ಟಿದ ಗಳಿಗೆಗಳನ್ನೇ 'ಬೇಸರದ ಭಾಗ'ವೆನ್ನುವುದು ಯಾವ ನ್ಯಾಯ? ಆ ಆನೆಮರಿಯ ಚಿತ್ರದ ನಿರ್ಮಾಪಕಿ ಮಾತನಾಡಲು ಮುಂದಾದಾಗ ವಾದ್ಯ ಮೊಳಗಿಸಿ ಅವರನ್ನು ಇಳಿಸಿದ್ದನ್ನು ಕಂಡು ಇದೇ ಗೆಳೆಯರು ಸಿಟ್ಟಾಗಿದ್ದರು.

ನಾನು ಆಸ್ಕರಿನ ಭಕ್ತನೆಂದು ತಿಳಿಯಬಾರದು. 1940ರಲ್ಲಿ ಪ್ರಶಸ್ತಿ ಗೆದ್ದ ಮೊದಲ ಕಪ್ಪು ನಟಿ ಹ್ಯಾಟಿ ಮೆಕ್‌ಡ್ಯಾನಿಯಲ್‌ರನ್ನು ಗೋಡೆಯ ಬದಿ ಬೇರೆ ಮೇಜಿನಲ್ಲಿ ಕೂರಿಸಿದ ಸಭೆ ಅದು. ಅಲ್ಲಿಯ ಮುದ್ರೆ ಬಿದ್ದರೆ ಮಾತ್ರ ನಮ್ಮದು ಚಿನ್ನ ಎಂಬ ಹಂಬಲವೂ ನನಗೆ ಹಿಡಿಸದು. 2023ರ ಜನವರಿಯಲ್ಲಿ 'ಕಾಂತಾರ'ದ ಹೆಸರು ಅರ್ಹತೆ ಪಡೆದ 301 ಚಿತ್ರಗಳ ಪಟ್ಟಿಯಲ್ಲಿ ಕಂಡದ್ದೇ ತಡ, ಅಂತಿಮ ಸುತ್ತಿಗೇ ಹೋಯಿತೆಂದು ಕುಣಿದವರಿದ್ದರು. ಪರೀಕ್ಷೆಗೆ ಪ್ರವೇಶಪತ್ರ ಬಂದುದಕ್ಕೆ ಪ್ರಥಮ ದರ್ಜೆಯ ಪೇಢೆ ಹಂಚಿದಂತೆ! ಕನ್ನಡದ್ದೇ ಒಂದು ಕಿರುಚಿತ್ರ, ಚಿದಾನಂದ ನಾಯ್ಕರದು, 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಪ್ರಥಮ ಬಹುಮಾನ ಪಡೆಯಿತು. ಅದಕ್ಕೆ ನಮ್ಮಲ್ಲಿ ಅಷ್ಟು ಗದ್ದಲವಾದುದನ್ನು ನಾನು ಕೇಳಲಿಲ್ಲ. ಕಿರುಚಿತ್ರವಲ್ಲವೆ!

ಇನ್ನು ನನ್ನ ಪಕ್ಷಪಾತಕ್ಕೆ ಕಾರಣವನ್ನು ಮುಚ್ಚಿಡುವುದು ಸರಿಯಲ್ಲ. ನನ್ನ ತಂದೆ ದರ್ಜಿ. ಹದಿನಾಲ್ಕು ವರ್ಷ ವೃತ್ತಿ ನಾಟಕ ಕಂಪನಿಯೊಂದರೊಡನೆ ಜಾತ್ರೆಯಿಂದ ಜಾತ್ರೆಗೆ ತಿರುಗಿ ರಾಜರಿಗೂ ಗೌಡರಿಗೂ ಬಟ್ಟೆ ಹೊಲಿದವರು. ಆ ಕಂಪನಿಯ ಹಸ್ತಪತ್ರಿಕೆಗಳ ಒಂದು ಕಟ್ಟು ನಮ್ಮ ಮನೆಯಲ್ಲಿದೆ. ನಟನಟಿಯರ ಹೆಸರುಗಳಿವೆ, ಪೆಟ್ಟಿಗೆ ಮಾಸ್ತರರ ಹೆಸರಿದೆ, ಗೇಟಿನ ದರವೂ ಇದೆ. ತಂದೆಯ ಹೆಸರು ಒಂದರಲ್ಲಿಯೂ ಇಲ್ಲ. ಅವರು ಅದಕ್ಕಾಗಿ ಒಂದು ದಿನವೂ ಕೊರಗಿದವರಲ್ಲ, ಕೊರಗುವವನು ನಾನು. ನಮ್ಮ ವಾರ್ಷಿಕೋತ್ಸವದಲ್ಲಿಯೂ ನಾಟಕ ಮುಗಿದ ಮೇಲೆ ನಟರನ್ನು ಕರೆದು ಹಾರ ಹಾಕಿ, ಹೊತ್ತಾಯಿತೆಂದು ವಂದನಾರ್ಪಣೆಗೆ ಹೋಗಿಬಿಡುತ್ತೇವೆ. ಪರದೆ ಎಳೆದವರು, ದೀಪ ಹಿಡಿದವರು ಆಗ ಕುರ್ಚಿ ಮಡಚುತ್ತಿರುತ್ತಾರೆ. ಈ ವರ್ಷ ಸಾಂಸ್ಕೃತಿಕ ಸಂಘದ ಕಾರ್ಯದರ್ಶಿಗಳು ಆ ಹೆಸರುಗಳನ್ನೂ ಓದಿಸಬೇಕೆಂದು ಈ ಮೂಲಕ ಕೇಳಿಕೊಳ್ಳುತ್ತೇನೆ. ಹತ್ತು ನಿಮಿಷವೂ ಹಿಡಿಯದು.

ದೀಪಾವಳಿ ರಜೆಯಲ್ಲಿ ಊರಿಗೆ ಹೋಗಿದ್ದಾಗ, ಬಟ್ಟೆಯ ಕೆಲಸಕ್ಕೇ ಜಗತ್ತಿನ ದೊಡ್ಡ ಪ್ರಶಸ್ತಿ ಪಡೆದ ಭಾನು ಅಥೈಯಾ ಅವರ ವಿಷಯವನ್ನು ತಂದೆಗೆ ಹೇಳಿದೆ. ಸೂಜಿಗೆ ದಾರ ಪೋಣಿಸುತ್ತಲೇ ಕೇಳಿಸಿಕೊಂಡರು. ಬಹಳ ಸಂತೋಷಪಡುವರೆಂದು ಕಾದೆ. ಅವರು ಕನ್ನಡಕ ತೆಗೆದು, "ಚಲೋ ಆತು ತಮ್ಮಾ. ಆ ತಾಯಿ ಕೈಕೆಳಗ ಮಷಿನ್ ತುಳದವರು ಎಷ್ಟ ಮಂದಿ ಇದ್ರಂತ? ಅವರ ಹೆಸರ ಏನರ ಗೊತ್ತದ ಏನ?" ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ.