ಮಾವ ಒಪ್ಪಿಸದ ಲೆಕ್ಕ

ಬಸವನಗುಡಿಯ ಹಿರಿಯರೊಬ್ಬರು ಮಗಳಿಗೆಂದು ಉಯಿಲಿನಲ್ಲಿ ಹಣ ಬರೆದಿಟ್ಟು ಕಣ್ಮುಚ್ಚಿ 3 ವರ್ಷವಾಯಿತೆನ್ನಿ. ಉಯಿಲನ್ನು ನಡೆಸಿಕೊಡಬೇಕಾದವರು ಚಾಮರಾಜಪೇಟೆಯ ಸೋದರಮಾವ. ಕೇಳಿದಾಗಲೆಲ್ಲ “ಆಷಾಢ ಕಳೆಯಲಿ, ತಾಯಿ” ಎನ್ನುವರು. ಆಕೆ ಬರಿಗೈಯಲ್ಲಿ ಮಲ್ಲೇಶ್ವರಕ್ಕೆ ಮರಳುವಳು. ಮಗನ ಕಾಲೇಜು ಶುಲ್ಕಕ್ಕೆ ಬಳೆ ಅಡವಿಡುವಳೇ ಹೊರತು, ಎತ್ತಿ ಆಡಿಸಿದ ಮಾವನನ್ನು ಲೆಕ್ಕ ಕೇಳಲಾರಳು.

1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮಕ್ಕೆ ಈ ದಾಕ್ಷಿಣ್ಯವಿಲ್ಲ. ಮರಣದಿಂದ ಒಂದು ವರ್ಷ ಮಾವನಿಗೆ ಬಿಡುವು; ಆದರೆ, ಉಯಿಲು ಬೇರೆ ಗಡುವು ಹೇಳದಿದ್ದರೆ, ತಂದೆ ಮಗಳಿಗೆ ಬರೆದಿಟ್ಟ ಇಂಥ ಹಣಕ್ಕೆ ಮರಣದ ದಿನದಿಂದಲೇ, ತಂದೆ ಹಿಂದುವಾಗಿದ್ದರೆ ಶೇಕಡ 6ರ, ಬಡ್ಡಿ ಸಲ್ಲುವುದು. ಪ್ರೊಬೇಟ್ ಪಡೆದವರು 6 ತಿಂಗಳಲ್ಲಿ ಆಸ್ತಿಯ ಪಟ್ಟಿಯನ್ನೂ ವರ್ಷದೊಳಗೆ ಲೆಕ್ಕವನ್ನೂ ನ್ಯಾಯಾಲಯಕ್ಕೇ ಒಪ್ಪಿಸಬೇಕು. ಮಗಳು ವಿಚಾರಿಸಬೇಕಾದುದು ಅಲ್ಲಿ, ಮಾವನ ಜಗಲಿಯಲ್ಲಲ್ಲ. ಆಷಾಢ ಮುಗಿಯದವರನ್ನು ಆ ಹೊಣೆಯಿಂದ ತೆಗೆಯುವ ಅಧಿಕಾರವೂ ಉಚ್ಚ ನ್ಯಾಯಾಲಯಕ್ಕುಂಟು.