ಬೀಡಿಯ ಮೊರ ಮತ್ತು ಅಮೆರಿಕದ ಬಂದರು

ದಾವಣಗೆರೆಯ ನಮ್ಮ ಮೊಹಲ್ಲಾಗಳಲ್ಲಿ ಮಧ್ಯಾಹ್ನದ ಅಡುಗೆ ಮುಗಿದೊಡನೆ ಬೀಡಿಯ ಮೊರ ತೊಡೆಯೇರುತ್ತದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಲ್ಲಿ ಈ ಅಂಕಣ ಓದುವ ಸಹೋದರಿಯರಿಗೂ ಈ ಕೆಲಸ ಅಪರಿಚಿತವಲ್ಲ. ಈ ಮೊರಕ್ಕೂ ಅಮೆರಿಕದ ಬಂದರಿಗೂ ಏನು ಸಂಬಂಧ ಎನ್ನುತ್ತೀರಾ?

1999ರ ನವೆಂಬರ್ 24ರಂದು ಅಮೆರಿಕದ ಕಸ್ಟಮ್ಸ್ ಇಲಾಖೆ ಮಂಗಳೂರು ಗಣೇಶ್ ಬೀಡಿಯನ್ನು ತಡೆಹಿಡಿಯಲು ಆದೇಶಿಸಿತು. ಜೀತದ ಮಕ್ಕಳ ದುಡಿಮೆ ಅದರಲ್ಲಿದೆ ಎಂಬುದು ಆರೋಪ. ಬಳಸಿದ್ದು 1930ರ ಸುಂಕ ಕಾಯಿದೆ. ಆರೇ ದಿನಗಳ ಬಳಿಕ ಸಿಯಾಟಲ್‌ನಲ್ಲಿ ವಿಶ್ವ ವ್ಯಾಪಾರ ಸಂಘಟನೆಯ ಸಮ್ಮೇಳನ. ಕಾರ್ಮಿಕ ನಿಯಮಗಳನ್ನು ವ್ಯಾಪಾರಕ್ಕೆ ಗಂಟು ಹಾಕಬೇಕೆಂದು ಅಧ್ಯಕ್ಷ ಕ್ಲಿಂಟನ್ ಬಯಸಿದರು. ಭಾರತ ಒಪ್ಪಲಿಲ್ಲ, ಇದು ಶ್ರೀಮಂತ ದೇಶಗಳ ರಕ್ಷಣಾ ಗೋಡೆ ಎಂದಿತು. ಸಂಶಯದಲ್ಲಿ ಹುರುಳಿತ್ತು. ಆದರೆ ಬೀಡಿ ಕೆಲಸದಲ್ಲಿ ಮಕ್ಕಳಿದ್ದುದೂ ಸುಳ್ಳಲ್ಲ.

ಬೀಡಿಗೆ ಕೂಲಿ ಸಾವಿರದ ಲೆಕ್ಕದಲ್ಲಿ. ಎಲೆ ಕಳಪೆಯಾದರೆ ನಷ್ಟ ಸುತ್ತುವವಳದು, ಸರಿಯಿಲ್ಲವೆಂದು ತಳ್ಳಿದ ಬೀಡಿಗೆ ಕೂಲಿಯಿಲ್ಲ. ಸಾವಿರ ತುಂಬದಿದ್ದಾಗ ಶಾಲೆಯಿಂದ ಬಂದ ಹುಡುಗಿಯ ಪುಟ್ಟ ಬೆರಳು ಬೀಡಿಯ ತುದಿ ಮಡಚಲು ಬೇಕಾಗುತ್ತದೆ. ತಾಯಿಗೆ ಕರುಣೆಯಿಲ್ಲವೆಂದಲ್ಲ, ಲೆಕ್ಕ ಕೂಡುವುದಿಲ್ಲ. ಬೀಡಿಯ ದೊಡ್ಡ ಮಾರುಕಟ್ಟೆ ನಮ್ಮ ದೇಶದ್ದೇ ಆದ್ದರಿಂದ ಬಂದರಿನ ಆದೇಶ ಈ ಲೆಕ್ಕವನ್ನು ಮುಟ್ಟಲೇ ಇಲ್ಲ.

ಈಗ ಕಾಲ ಬದಲಾಗಿದೆ. 2025ರ ಜುಲೈ 24ರಂದು ಬ್ರಿಟನ್ ಜೊತೆ ಭಾರತ ಸಹಿ ಹಾಕಿದ ಒಪ್ಪಂದದಲ್ಲಿ ಕಾರ್ಮಿಕರಿಗೆಂದೇ ಒಂದು ಅಧ್ಯಾಯವಿದೆ. ಸಿಯಾಟಲ್‌ನಲ್ಲಿ ಬೇಡವೆಂದವರೇ ಒಪ್ಪಿದ್ದಾರೆ! ಆದರೆ ಅಧ್ಯಾಯದ ಮಾತು ಮುರಿದರೆ ಒಪ್ಪಂದದ ವ್ಯಾಜ್ಯ ಪರಿಹಾರ ವ್ಯವಸ್ಥೆ ಅದಕ್ಕೆ ಅನ್ವಯಿಸುವುದಿಲ್ಲ. ಉಡುಪುಗಳ ಮೇಲಿನ ಸುಂಕ ಇಳಿದರೆ ಗಾರ್ಮೆಂಟ್ಸ್‌ಗೆ ಆರ್ಡರ್ ಹೆಚ್ಚಬಹುದು, ನಮ್ಮ ಹೆಣ್ಣುಮಕ್ಕಳಿಗೆ ಕೆಲಸವೂ ಸಿಗಬಹುದು. ಕೂಲಿಯ ಮಾತು ಬೇರೆ. 2020ರ ಏಪ್ರಿಲ್‌ನಲ್ಲಿ ಏರಿದ್ದ ತುಟ್ಟಿಭತ್ಯೆ ತಿಂಗಳಿಗೆ ಬರೀ 417 ರೂಪಾಯಿ ಚಿಲ್ಲರೆ. ರಾಜ್ಯದ ಅನೇಕ ಗಾರ್ಮೆಂಟ್ಸ್‌ಗಳು ಅದನ್ನೂ ತಡೆದವು. ಕಾರ್ಮಿಕ ಸಂಘಗಳು ಹೋರಾಡಿ, ವಿದೇಶಿ ಬ್ರ್ಯಾಂಡ್‌ಗಳ ಮೇಲೂ ಒತ್ತಡ ತಂದ ಮೇಲೆಯೇ ಬಾಕಿ ಕೈಸೇರಿತು. ಬೆವರು ಆರುವ ಮುನ್ನ ಕೂಲಿ ಕೊಡಿರೆಂದು ಪ್ರವಾದಿ(ಸ)ಯವರು ಕಲಿಸಿದ್ದನ್ನು ಯಾವ ಒಪ್ಪಂದದ ಕರಡಿನಲ್ಲೂ ಕಾಣೆ.

ಮನೆಯಲ್ಲಿ ಕುಳಿತು ಬೀಡಿ ಸುತ್ತುವವಳನ್ನೂ 1966ರ ಬೀಡಿ ಕಾರ್ಮಿಕರ ಕಾಯಿದೆ ಕಾರ್ಮಿಕಳೆಂದು ಒಪ್ಪಿತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಹೊಸ ಸಂಹಿತೆ ಬಂದಿದೆ. ಗುರುತಿನ ಚೀಟಿ, ಪಿಎಫ್ ಸಂಖ್ಯೆ, ಲಾಗ್‌ಬುಕ್ ಜೋಪಾನವಾಗಿಡಿ. ನೀವು ಒಪ್ಪಿಸಿದ ಬೀಡಿಯನ್ನು ನಿಮ್ಮ ಹೆಸರಿನಲ್ಲೇ ಬರೆದುಕೊಂಡಿದ್ದಾರೋ ಎಂದು ಈ ವಾರವೇ ನೋಡಿ.